ಅಂಗೈ ದಿಬ್ಬ

ತಿಗರಿ ಎಂಬ ಪುಟ್ಟ ಚಂದ್ರನ ಮೇಲೆ, ಬೋಗುಣಿಯೂರಿನ ಉತ್ತರದ ಬಾಗಿಲಾಚೆ, ಮೂರಾಳೆತ್ತರದ ಒಂದು ಹಿಮದ ದಿಬ್ಬವಿದೆ. ಊರಿಗೆ ಹೆಸರು ಹೇಗೆ ಬಂತೆಂದು ಯಾರೂ ಕೇಳಬೇಕಿಲ್ಲ: ಕವುಚಿಟ್ಟ ಬೋಗುಣಿಯಂಥ ಗಾಜಿನ ಮಾಡು, ಅದರಡಿ ಬೆಚ್ಚಗೆ ಎಂಟುನೂರು ಮನೆ. ದಿಬ್ಬದ ಹೆಸರು ಹಾಗಲ್ಲ. ಯಾವ ದಿಕ್ಕಿನಿಂದ ನೋಡಿದರೂ ಅದು ಅಂಗೈಯಂತೆ ಕಾಣುವುದಿಲ್ಲ. ಆದರೂ ಬಾಗಿಲಲ್ಲಿ ಪ್ರವಾಸಿಗಳಿಗೆ ಗಾಳಿಮುಸುಕು ಕಟ್ಟುವವರು, "ಐದು ಬೆರಳು ಕಾಣ್ತಾವ ನೋಡ್ರೀ" ಎಂದು ಕೈತೋರಿಸುತ್ತಾರೆ. ಹತ್ತಾರು ಲೋಕ ಸುತ್ತಿ ಬಂದವರೂ ಹೌದು ಹೌದೆಂದು ತಲೆಯಾಡಿಸಿ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಊರಿನ ಹಳಬರನ್ನು ಕೇಳಿದರೆ ಮೊದಲು ಮಾತು ತೇಲಿಸುತ್ತಾರೆ. ಪಟ್ಟು ಬಿಡದೆ ಕೂತರೆ ಬೇರೆಯೇ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಊರು ಕಟ್ಟಿ ಇನ್ನೂ ಮೂರು ತಲೆಮಾರು ಕಳೆದಿರದ ಕಾಲದಲ್ಲಿ, ಇಲ್ಲಿ ಕಾಶವ್ವ ಎಂಬ ಒಳಗಿವಿಯ ಹೆಂಗಸಿದ್ದಳಂತೆ. ಬಾಯಿಬಿಟ್ಟು ಆಡದ ಮಾತೂ ಕೇಳಿಸುವವರನ್ನು ಒಳಗಿವಿಯವರು ಎನ್ನುತ್ತಿದ್ದರು. ದಾರಿ ತಪ್ಪಿದ ಹಡಗಿನೊಳಗಿನ ಅಳಲು ಮೊದಲು ಮುಟ್ಟುವುದು ಅವರಿಗೇ ಆದ್ದರಿಂದ ಊರಿಗೆ ಅವರು ಬೇಕಿತ್ತು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಮಾತ್ರ ಬೇಡವಾಗಿದ್ದರು. ಕಾಶವ್ವ ಎದುರಾದರೆ ಜನ ತಮ್ಮ ಮನಸ್ಸು ಆಕೆಗೆ ಕೇಳದಿರಲೆಂದು ಮಗ್ಗಿ ಹೇಳಿಕೊಳ್ಳುತ್ತ ದಾಟುತ್ತಿದ್ದರು. "ನಲವತ್ತು ವರ್ಷದಿಂದ ಕೇಳಾಕತ್ತೀನಿ, ಒಬ್ಬರಿಗೂ ಹದಿನೇಳರ ಮಗ್ಗಿ ಸರಿಯಾಗಿ ಬರಂಗಿಲ್ಲ" ಎಂದು ಆಕೆ ನಗುತ್ತಿದ್ದಳಂತೆ. ಎಲ್ಲರೊಳಗೂ ಏನೋ ಘನವಾದ ಪಾಪ ಅಡಗಿರಬೇಕು, ಪಾಪ, ಹೆದರುತ್ತಾರೆ ಎಂದು ಆಕೆಗೆ ಅವರ ಮೇಲೆ ಕನಿಕರವೂ ಇತ್ತು. ಊರಿನ ಕಟ್ಟಳೆಯಲ್ಲಿ ಒಳಗಿವಿಯವರ ಮಾತು ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ಸಾಮಾನ್ಯರೊಬ್ಬರು ಸಭೆಯ ಎದುರು ಅವರ ಅಂಗೈ ಮೇಲೆ ಅಂಗೈ ಇಡಬೇಕು. ಇಟ್ಟ ಗಳಿಗೆಯಲ್ಲಿ ಒಳಗಿವಿಯವರಿಗೆ ಕೇಳಿಸಿದ್ದು ಕೈಯಿಟ್ಟವರಿಗೂ ಕೇಳುತ್ತಿತ್ತು. ಕೈಯಿಟ್ಟವರೊಳಗಿದ್ದದ್ದೆಲ್ಲ ಒಳಗಿವಿಯವರಿಗೂ ತೆರೆದುಕೊಳ್ಳುತ್ತಿತ್ತು. ಕಾಶವ್ವ ತಾಯಿಯಿಲ್ಲದ ತಮ್ಮ ಫಕೀರಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೀಸೆ ಮೂಡಿದ ಮೇಲೆ ಅವನು ಕೂಡ ಅಕ್ಕನ ಕೈ ಮುಟ್ಟಿರಲಿಲ್ಲ.

ಅಂಥ ಕಾಲದಲ್ಲಿ ಎಲೆಮೈಯವರ ಹಡಗೊಂದು ತಿಗರಿಯ ಮೇಲೆ ಬಿದ್ದು ಒಡೆಯಿತು. ಬೇರೆ ಸೂರ್ಯನ ಕೆಳಗೆ ಹುಟ್ಟಿದ ಆ ಜನದ ಮೈ ಎಲೆಕೋಸಿನಂತೆ ಪದರುಪದರು. ಬದುಕುಳಿದ ಅರವತ್ತು ಜೀವ ನಡೆದು ಬಂದು, ಉತ್ತರದ ಬಾಗಿಲಾಚೆ ಕೂತು, ಒಂದೇ ಸಮನೆ ನೆಲ ಬಡಿಯತೊಡಗಿದವು. ಯುದ್ಧದ ನಗಾರಿಯೆಂದು ಊರು ನಡುಗಿತು. ಕಾಶವ್ವ ಬಾಗಿಲಿಗೆ ಕಿವಿಗೊಟ್ಟು ನಿಂತವಳು ನೇರ ಸಭೆಗೆ ಬಂದು ಹಿರಿಯ ದ್ಯಾಮನಗೌಡನಿಗೆ ಹೇಳಿದಳು: "ಅದು ಜಗಳದ ಬಡಿತ ಅಲ್ಲರೀ ಗೌಡ್ರ, ಚಳಿದು. ಪದರದೊಳಗ ಕೂಸು ಅದಾವ. ಒಳಗ ಬರ್ತೀವಿ ಅನ್ನಂಗಿಲ್ಲ. ನಾವು ಬಳಸಿ ಚೆಲ್ಲೋ ಬಿಸಿನೀರು ಹೊರಗ ಬಿಟ್ಟರ ಸಾಕು, ಅದರಾಗ ಕೂತು ಜೀವ ಹಿಡೀತಾರ."

"ಅಂಗೈ ಯಾರು ಕೊಡ್ತಾರ, ಅದನ್ನ ಹೇಳು" ಎಂದ ಗೌಡ. "ಹೆಂಡ್ತಿಗೇ ಹೇಳದ್ದು ಈಕಿಗ್ಯಾಕ ಗೊತ್ತಾಗಬೇಕು?" ಎಂದು ಹಿಂದಿನಿಂದ ಯಾರೋ ಅಂದಾಗ ನಗೆಯೆದ್ದಿತು. ಕಾಶವ್ವ ತಮ್ಮನ ಕಡೆ ತಿರುಗಿದಳು. "ನಿನ್ನ ಗುಟ್ಟು ಕಟ್ಟಿಕೊಂಡು ನಾ ಏನ್ ಮಾಡ್ಲೋ ತಮ್ಮಾ? ಬರೇ ಕೈ ಕೊಡು." ಫಕೀರಪ್ಪ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಣ್ಣುಮುಚ್ಚಿ, ಹದಿನೇಳರ ಮಗ್ಗಿ ಹಿಡಿದ.

ಮೂರು ದಿನ ಆಕೆ ಅಂಗೈ ಚಾಚಿಕೊಂಡು ಮನೆಮನೆಯ ಮುಂದೆ ನಿಂತಳಂತೆ. ಬಾಗಿಲು ತೆರೆದವರು ಮಗ್ಗಿ ಹೇಳಿಕೊಳ್ಳುತ್ತಲೇ ರೊಟ್ಟಿ ಕೊಟ್ಟರು. ಆಚೆಯ ಬಡಿತ ಒಂದೊಂದಾಗಿ ಕಡಿಮೆಯಾಗುವುದು ಗಾಜಿನೊಳಗೂ ಕೇಳುತ್ತಿತ್ತು. ನಾಲ್ಕನೆಯ ದಿನ, ಒಂದೇ ಒಂದು ಬಡಿತ ಉಳಿದಿದ್ದಾಗ, ಫಕೀರಪ್ಪನಿಗೆ ತಡೆಯಲಾಗಲಿಲ್ಲ. ಸಭೆಯ ನಡುವೆ ಬಂದು ಅಕ್ಕನ ಅಂಗೈ ಮೇಲೆ ಅಂಗೈ ಇಟ್ಟ. ಕಾಶವ್ವನಿಗೆ ಹುಡುಕದೆಯೇ ಎಲ್ಲವೂ ಕಂಡಿತು. ಅವನೊಳಗೆ ಕಳ್ಳತನವಿರಲಿಲ್ಲ, ಹಾದರವಿರಲಿಲ್ಲ. ಇದ್ದದ್ದು ಮೊದಲ ದಿನದ ಸಂಜೆ, ಆಕೆಯನ್ನು ಮನೆಗೆ ಕಳಿಸಿದ ಮೇಲೆ, ಇದೇ ಸಭೆ. ಗೌಡ ಹೇಳುತ್ತಿದ್ದ: "ಕಾಶವ್ವ ಸುಳ್ಳು ಹೇಳಾಕಿ ಅಲ್ಲ, ಎಲ್ಲಾರಿಗೂ ಗೊತ್ತೈತಿ. ಇವತ್ತ ನೀರು ಕೊಟ್ಟರ ನಾಳೆ ಬಾಗಿಲು ಕೇಳ್ತಾರ. ಯಾರೂ ಕೈ ಕೊಡಬ್ಯಾಡ್ರಿ, ಕಟ್ಟಳೆ ಮುರದಂಗೂ ಆಗಂಗಿಲ್ಲ." ಎಲ್ಲರೂ ಹೂಂಗುಟ್ಟಿದ್ದರು, ಫಕೀರಪ್ಪನೂ. ಮೂರು ದಿನ ಊರು ಮುಚ್ಚಿಟ್ಟುಕೊಂಡಿದ್ದ ಗುಟ್ಟು ಅಷ್ಟೇ: ಆಕೆಯ ಮಾತನ್ನು ಎಲ್ಲರೂ ನಂಬಿದ್ದರು.

ಕಟ್ಟಳೆ ಪೂರೈಸಿತಾದ್ದರಿಂದ ಗೌಡ ತಡಮಾಡದೆ ತೂಬು ತೆಗೆಸಿದ. ಅಷ್ಟರಲ್ಲಿ ಬಡಿತ ನಿಂತಿತ್ತು. ಬಿಸಿನೀರು ತಣ್ಣಗಾದ ಮೈಗಳ ಮೇಲೆ ಹರಿದು, ಹರಿದಲ್ಲೇ ಹೆಪ್ಪುಗಟ್ಟಿತು. ಕಾಶವ್ವ ಆಮೇಲೂ ಇಪ್ಪತ್ತು ವರ್ಷ ಬದುಕಿದ್ದಳು, ಆದರೆ ತನಗೆ ಕೇಳಿಸಿದ್ದನ್ನು ಮತ್ತೆ ಯಾರಿಗೂ ಹೇಳಲಿಲ್ಲ ಎನ್ನುತ್ತಾರೆ. ಸಕಾಲಕ್ಕೆ ಯಾರೂ ಕೊಡದೆಹೋದ ಅಂಗೈಯಿಂದ ದಿಬ್ಬಕ್ಕೆ ಆ ಹೆಸರು ಬಂತು.

ಅಂದು ತೆಗೆದ ತೂಬನ್ನು ಇಂದಿಗೂ ಮುಚ್ಚಿಲ್ಲ. ದಿನವೂ ಸಂಜೆ ಬಿಸಿನೀರು ಹಬೆಯಾಡುತ್ತ ಹೊರಗೆ ಹರಿಯುವುದನ್ನು ನೋಡಲು ಜನ ಸೇರುತ್ತಾರೆ. ವರ್ಷಕ್ಕೆ ಎರಡು ಬೆರಳಷ್ಟು ದಿಬ್ಬ ಬೆಳೆಯುತ್ತದೆ. ಮೊದಮೊದಲು ಅರವತ್ತೂ ಜೀವ ಕಾಣುತ್ತಿದ್ದವಂತೆ. ಈಗ ಬಿಸಿಲು ಓರೆಯಾಗಿ ಬಿದ್ದರೆ ಹೊರ ಅಂಚಿನ ಸಾಲಿನ ಏಳೆಂಟು ಮಾತ್ರ, ಮಡಿಸಿದ ಪದರುಗಳೊಂದಿಗೆ, ಮಸುಕಾಗಿ ತೋರುತ್ತವೆ. ಇನ್ನು ಕೆಲವು ವರ್ಷಕ್ಕೆ ಅವೂ ಕಾಣುವುದಿಲ್ಲ. ನೀರು ನಿಲ್ಲಿಸಬಾರದೇ ಎಂದು ಪ್ರವಾಸಿಗಳು ಕೇಳಿದರೆ ಊರಿನವರಿಗೆ ಬೇಸರವಾಗುತ್ತದೆ. "ಕೊಡ್ತೀವಂತ ಸಭೆಯೊಳಗ ಒಪ್ಪಿಕೊಂಡದ್ದು, ಹೆಂಗ ನಿಲ್ಲಸಾಕಾಗ್ತದರೀ?" ಎನ್ನುತ್ತಾರೆ.