ಮಾದೇವಿ ಕಾಯ್ದ ಉಪ್ಪು

ನಿನ್ನಜ್ಜನ ಅಜ್ಜನೂ ಹುಟ್ಟಿರದ ಒಂದಾನೊಂದು ಕಾಲದಲ್ಲಿ, ಸಮುದ್ರದ ಪಕ್ಕ ಗಣಪು ನಾಯಕ ಅಂತ ಒಬ್ಬನಿದ್ದನಂತೆ. ಅವನದು ಉಪ್ಪಿನ ಗದ್ದೆ. ಉಪ್ಪುನೀರು ಕಟ್ಟಿ, ಬಿಸಿಲಿಗೆ ಒಣಗಿಸಿ, ಬೆಳ್ಳಗೆ ರಾಶಿ ಹಾಕೋದು, ಮೋಡ ಬಂದರೆ ಓಡಿಹೋಗಿ ತೆಂಗಿನ ಮಡಲು, ಅಂದರೆ ಗರಿ, ಹೊದಿಸೋದು. ತಡವಾಯ್ತೋ, ಮಳೆಗೆ ಉಪ್ಪು ಕರಗಿ, ಆ ಗದ್ದೆ ನಂಬಿದ ನಲವತ್ತು ಮನೆಗೆ ವರ್ಷವಿಡೀ ಗಂಜಿ ಇಲ್ಲ ಕಣೋ.

ನಾಯಕ ಹಾಸಿಗೆ ಹಿಡಿದನಂತೆ. ಆಮೇಲೆ ದೊಡ್ಡಮಗ ತಿಮ್ಮಣ್ಣ ಗದ್ದೆ ನೋಡೋಕೆ ನಿಂತು, ನಾನು ಹೇಳದೆ ಒಂದು ಮಡಲೂ ಎತ್ತಬೇಡಿ ಅಂದನಂತೆ. ಕೇಳದೆ ಎತ್ತಿದ್ದಕ್ಕೆ ಮಂಗಳಜ್ಜಿ ಅನ್ನೋ ಮುದುಕಿ ಆಳಿಗೆ ಎಲ್ಲರೆದುರೇ ಬೈದನಂತೆ. ಒಂದು ದಿನ ಇವನು ಉಂಡು ಮಲಗಿದಾಗಲೇ ಮೋಡ ಬಂತಂತೆ, ಆಳುಗಳು ಸೊಂಟಕ್ಕೆ ಕೈಯಿಟ್ಟು ನೋಡ್ತಾ ನಿಂತರಂತೆ, ಉಪ್ಪು ಮೂರರಲ್ಲಿ ಒಂದು ಪಾಲು ಕರಗಿಹೋಯ್ತಂತೆ.

ಆಮೇಲೆ ಎರಡನೆಯವ ಪರಮ ಬಂದ. ಬಾಯಿತುಂಬ ಬೆಲ್ಲ. ಮೊದಲು ತಮ್ಮ ರಾಶಿ ಮುಚ್ಚಿದವರಿಗೆ ಹೊಸ ಪಂಚೆ ಅಂದನಂತೆ. ಮಳೆ ಬಂದಾಗ ಇವರ ಮಡಲು ಅವರು ಕಿತ್ತು, ಅವರದು ಇವರು ಕಿತ್ತು, ಇನ್ನೊಂದು ಪಾಲೂ ಹೋಯ್ತಂತೆ. ಅಯ್ಯೋ ಪೆದ್ದುಗಳಾ!

ಉಳಿದದ್ದು ಒಂದೇ ಪಾಲು. ಕಿರಿಮಗಳು ಮಾದೇವಿ ಗದ್ದೆಗಿಳಿದು ಮಂಗಳಜ್ಜಿ ಪಕ್ಕ ಕೂತು, ಎಲ್ಲಿ ತಪ್ಪುತ್ತೆ ನೀನೇ ಹೇಳಜ್ಜೀ ಅಂದಳಂತೆ. ಅಜ್ಜಿ ಮುಖ ತಿರುಗಿಸಿತಂತೆ. ಇವಳು ಏಳಲೇ ಇಲ್ಲ. ಕೊನೆಗೆ ಅಜ್ಜಿ, ಮಡಲು ನಿಮ್ಮನೆ ಅಂಗಳದಲ್ಲಿ, ಉಪ್ಪು ಇಲ್ಲಿ, ತರೋದರೊಳಗೆ ಮಳೆ ಬಂದೇಬಿಡುತ್ತಲ್ಲೇ ಮಗಾ ಅಂದಿತಂತೆ. ಅವತ್ತೇ ಮಡಲೆಲ್ಲ ರಾಶಿ ಪಕ್ಕಕ್ಕೆ ಬಂತು. ಮೋಡ ಕಂಡವರು ಎಲ್ಲರನ್ನೂ ಕೂಗಿ ಮುಚ್ಚಿಬಿಡಿ, ನನ್ನ ಕಾಯಬೇಡಿ, ತಪ್ಪಾದರೆ ಅಪ್ಪನ ಹತ್ತಿರ ಬೈಸಿಕೊಳ್ಳೋಳು ನಾನು ಅಂದಳಂತೆ.

ಆಮೇಲೆ ಒಂದು ಮಧ್ಯಾಹ್ನ ಮಾದೇವಿ ಅಪ್ಪನ ಔಷಧಿಗೆ ಅಂತ ಹೊಳೆ ದಾಟಿ ಹೋಗಿದ್ದಾಗ, ಕರೀ ಮೋಡ ಎದ್ದಿತಂತೆ. ಈ ಗಾಳಿಗೆ ದೋಣಿ ಬಿಡಲ್ಲ ಅಂದುಬಿಟ್ಟನಂತೆ ಅಂಬಿಗ. ಕೂಗಿದಳು, ಗಾಳಿ ದನಿಯನ್ನೇ ನುಂಗಿತು. ಆಚೆ ದಡದ ಗದ್ದೆಯಲ್ಲಿ ಹೇಳೋರಿಲ್ಲ, ಬೈಯೋರಿಲ್ಲ, ಪಂಚೆ ಕೊಡೋರಿಲ್ಲ. ಆಳುಗಳು ಯಾಕಾದರೂ ಓಡಬೇಕು? ಮಳೆ ಸುರೀತು. ಮರಳ ಮೇಲೆ ಕುಸಿದು ಗೊಳೋ ಅಂತ ಅತ್ತಳಂತೆ.

ಮಳೆ ನಿಂತ ಮೇಲೆ ಹೊಳೆ ದಾಟಿ ಓಡಿಬಂದು ನೋಡ್ತಾಳೆ, ಒಂದು ರಾಶಿಯೂ ಕರಗಿಲ್ಲ! ಮಡಲು ಸಾಲದ ಕಡೆ ತಾವು ಮಲಗೋ ಚಾಪೆ ತಂದು ಹೊದಿಸಿ, ಒದ್ದೆಮುದ್ದೆಯಾಗಿ ನಡುಗುತ್ತಾ ನಿಂತಿದ್ದಾರೆ ಆಳುಗಳು. ಯಾರು ಹೇಳಿದ್ರು ನಿಮಗೆ ಅಂದಳಂತೆ. ಮಂಗಳಜ್ಜಿಗೆ ಸಿಟ್ಟೇ ಬಂತು. ಯಾರು ಹೇಳಬೇಕೇ, ನಮ್ಮ ಉಪ್ಪಲ್ಲವಾ ಅಂದಿತಂತೆ.

ಆಮೇಲೆ ನಾಯಕ ಗದ್ದೇನ ಮಗಳ ಕೈಗೇ ಒಪ್ಪಿಸಿದನಂತೆ, ನಲವತ್ತು ಮನೆಯವರೂ ಉಂಡುಟ್ಟು ಸುಖವಾಗಿದ್ದರಂತೆ. ಕತೆ ಮುಗಿದೇ ಹೋಯ್ತು, ಮಲಗು ಕಂದಾ.