ಮೊಸಳೆ ಕೊಟ್ಟ ಶಿಫಾರಸು

ಹೊಳೆ ದಂಡೆಯ ಒಂದು ಕಾಡಿನಲ್ಲಿ ಬೊಮ್ಮಕ್ಕ ಎಂಬ ಕರಡಿ ಜೇನಿನ ವ್ಯಾಪಾರ ಮಾಡುತ್ತಿದ್ದಳು. ಜೇನು ಕೊಟ್ಟು ಗೆಡ್ಡೆ ಗೆಣಸು ಪಡೆಯುವುದು ಅಲ್ಲಿನ ಪದ್ಧತಿ. ಮಳೆಗಾಲ ಹತ್ತಿರ ಬಂದಿತ್ತು. ಗವಿಯ ತುಂಬ ಜೇನಿತ್ತು, ಗೆಣಸು ಮಾತ್ರ ಒಂದೂ ಇರಲಿಲ್ಲ. ಮಳೆ ಹಿಡಿದರೆ ಜೇನು ಹುಳಿಯಾಗುತ್ತದೆ, ಮರಿಗಳು ಉಪವಾಸ ಬೀಳುತ್ತವೆ. ಎಳೆ ಮರಿಗಳನ್ನು ಬಿಟ್ಟು ಕಾಡೆಲ್ಲ ಸುತ್ತುವುದು ಅವಳಿಂದ ಆಗದು. ಅದಕ್ಕೆ, ಬೆಳಗಿನ ಹೊತ್ತು ಮಾತ್ರ ಜೇನಿನ ಪ್ರಚಾರ ಮಾಡುವವರು ಬೇಕಾಗಿದ್ದಾರೆ ಎಂದು ಸುದ್ದಿ ಬಿಟ್ಟಳು.

ಮೊದಲು ಬಂದದ್ದು ನರಿ. ಮೈ ನೆಕ್ಕಿ ಮಿರಿಮಿರಿ ಮಾಡಿಕೊಂಡು ಬಂದಿತ್ತು.

"ಮುಂಚೆ ಎಲ್ಲಿ ಕೆಲಸ ಮಾಡ್ತಿದ್ದೆಯಪ್ಪಾ?" ಬೊಮ್ಮಕ್ಕ ಕೇಳಿದಳು.

"ಮೊಸಳೆ ಧಣಿಗಳ ಹತ್ರ ಅಕ್ಕಾ. ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸ್ತಾರಲ್ಲ, ಅದರ ಮಾರ್ಕೆಟಿಂಗ್ ಪೂರ್ತಿ ನಂದೇ. ಮೊದಲು ಧಣಿಗಳ ಹತ್ರ ಒಂದು ನೊಣಾನೂ ಬರ್ತಿರ್ಲಿಲ್ಲ. ಈಗ ಸಾಲುಗಟ್ಟಿ ನಿಲ್ತಾರೆ!"

"ದಾಟಿದವರು ಏನಂತಾರೆ?"

"ಒಬ್ಬರೂ ದೂರು ಹೇಳಿಲ್ಲ."

"ವಾಪಸ್ ಬರೋವಾಗ್ಲೂ ಅವನ ಮೇಲೇ ಬರ್ತಾರಾ?"

"ಯಾಕಕ್ಕಾ ವಾಪಸ್ ಬರ್ತಾರೆ? ಆ ದಡ ಅಷ್ಟು ಹಿಡಿಸಿಬಿಟ್ಟಿದೆ. ಎಲ್ಲಾ ಅಲ್ಲೇ ಉಳ್ಕೊಂಡಿದ್ದಾರೆ."

"ಇದು ಅರ್ಧ ದಿನದ ಕೆಲಸ. ಮಿಕ್ಕ ಅರ್ಧ ದಿನ ಏನ್ ಮಾಡ್ತೀಯ?"

"ನಿಮ್ಮ ಜೇನಿನ ಬಗ್ಗೆ ಯೋಚನೆ ಮಾಡ್ತೀನಿ ಅಕ್ಕಾ."

ಬೊಮ್ಮಕ್ಕ ಕರಗಿಹೋದಳು. ಆದರೂ ವಿಚಾರಿಸದೆ ಕೆಲಸ ಕೊಡಬಾರದು ಎಂದುಕೊಂಡಳು. ಮರಿಗಳನ್ನು ಮಲಗಿಸಿ, ಬರಿಗೈಯಲ್ಲಿ ಹೋಗಬಾರದೆಂದು ಒಂದು ಸೋರೆಬುರುಡೆ ಜೇನು ಹಿಡಿದು, ಮಧ್ಯಾಹ್ನ ಹೊಳೆದಡಕ್ಕೆ ಹೋದಳು.

"ನರೀನಾ? ಬಂಗಾರದಂಥ ಹುಡುಗ!" ಎಂದಿತು ಮೊಸಳೆ. ಅದರ ಕಣ್ಣಲ್ಲಿ ನೀರು ತುಂಬಿತ್ತು. "ಅವನು ಬಂದ್ಮೇಲೆ ನಾನು ಒಂದು ದಿನಾನೂ ಹಸಿದು ಮಲಗಿಲ್ಲ."

ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕೇ? ಬೊಮ್ಮಕ್ಕ ಹಿಗ್ಗಿಹೋದಳು. ಕೆಲಸ ಕೊಡುವವರು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ಅವಳೂ ಮಾಡಿದ್ದಳು. ಹಳೆಯ ಧಣಿಯನ್ನು ಕೇಳಿದಳು, ಗಿರಾಕಿಗಳನ್ನು ಕೇಳಲಿಲ್ಲ.

ದಾಟಲು ನಿಂತವರ ಸಾಲಿನಲ್ಲಿ ಮೊದಲಿಗೆ ಒಂದು ಜಿಂಕೆ ಇತ್ತು. ಅದರ ಮುಖ ಬಾಡಿತ್ತು.

"ಯಾಕಮ್ಮಾ ಹೀಗಿದ್ದೀಯ?" ಎಂದಳು ಬೊಮ್ಮಕ್ಕ.

"ನನ್ನ ತಂಗಿ ಆ ದಡಕ್ಕೆ ಹೋದವಳು ಬಂದೇ ಇಲ್ಲ ಅಕ್ಕಾ. ಅಲ್ಲಿ ಹುಲ್ಲು ಚೆನ್ನಾಗಿದೆ, ಮೇಯ್ತಾ ಇರ್ತಾಳೆ, ನೀನೂ ಹೋಗು ಅಂತ ನರಿಯಣ್ಣ ನಿನ್ನೆ ಮಧ್ಯಾಹ್ನ ಹೇಳ್ದ."

ಬೊಮ್ಮಕ್ಕ ಆ ದಡವನ್ನು ನೋಡಿದಳು. ಹುಲ್ಲು ಎದೆಯೆತ್ತರ ಬೆಳೆದಿತ್ತು. ಮೇಯುವವರು ಇದ್ದಿದ್ದರೆ ಹುಲ್ಲು ಹಾಗೆ ಬೆಳೆಯುತ್ತಿತ್ತೇ? ಒಂದು ದಿನವೂ ಹಸಿದು ಮಲಗಿಲ್ಲ ಎಂಬ ಮೊಸಳೆಯ ಮಾತಿನ ಅರ್ಥ ಅವಳಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ನರಿ, ಮೊಸಳೆಯ ಬಳಿ ಇನ್ನೂ ಬಿಡದಿದ್ದ ತನ್ನ ಮಧ್ಯಾಹ್ನದ ಕೆಲಸಕ್ಕೆ ಹಾಜರಾಯಿತು. ಬೊಮ್ಮಕ್ಕನನ್ನು ಕಂಡು ಹಲ್ಲು ಕಿರಿಯಿತು.

"ಒಳ್ಳೇ ಹೊತ್ತಿಗೆ ಬಂದೆ. ಕೆಲಸ ನಿಂದೇ ಕಣಪ್ಪಾ," ಎಂದು ಬೊಮ್ಮಕ್ಕ ಜೇನಿನ ಬುರುಡೆಯನ್ನು ಅದರ ಕೈಗಿತ್ತಳು. "ಮೊಸಳೆ ಮೇಲೆ ಕೂತು ಆ ದಡಕ್ಕೆ ಹೋಗು. ಅಲ್ಲಿರೋ ನಿನ್ನ ಗಿರಾಕಿಗಳಿಗೆಲ್ಲ ರುಚಿ ತೋರಿಸು."

ನರಿಯ ಬಾಲ ಕಾಲ ಸಂದಿಗೆ ಸೇರಿತು. "ನಂಗೆ ನೀರು ತಾಕಿದ್ರೆ ಶೀತ ಆಗುತ್ತೆ ಅಕ್ಕಾ. ಅಲ್ದೆ, ಇದು ನಿಮ್ಮ ಡ್ಯೂಟಿ ಟೈಮಲ್ಲ."

"ಬಾ ಮಗಾ, ಹತ್ತು," ಎಂದು ಮೊಸಳೆ ಪ್ರೀತಿಯಿಂದ ದಡಕ್ಕೆ ಬಂತು. ನರಿಯ ಹಿಂದೆ ಬೊಮ್ಮಕ್ಕ ಅಡ್ಡ ನಿಂತಿದ್ದಳು. ಮೊಸಳೆ ಇನ್ನೂ ಹತ್ತಿರ ಬಂತು.

"ನಾನು ಹತ್ತಲ್ಲ! ಹತ್ತಿದವರಲ್ಲಿ ಒಬ್ಬರಾದ್ರೂ ಉಳಿದಿದ್ದಾರಾ?" ಎಂದು ನರಿ ಕಿರುಚಿತು.

ಆ ಹೊಳೆಯ ಬಳಿ ನರಿ ಆಡಿದ ನಿಜವಾದ ಮಾತು ಅದೊಂದೇ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದರು. ಮೊಸಳೆಗೆ ಸಿಟ್ಟು ನೆತ್ತಿಗೇರಿತು. "ನನ್ನ ಅನ್ನಕ್ಕೇ ಕಲ್ಲು ಹಾಕಿದೆಯಲ್ಲೋ!" ಎಂದು ನರಿಯ ಬಾಲಕ್ಕೆ ಬಾಯಿ ಹಾಕಿತು. ಬಾಲ ಮೊಸಳೆಯ ಬಾಯಲ್ಲಿ ಉಳಿಯಿತು. ನರಿ ಆ ಕಾಡನ್ನೇ ಬಿಟ್ಟು ಓಡಿತು.

ಜಿಂಕೆ ಮಾತ್ರ ಆ ದಡವನ್ನೇ ನೋಡುತ್ತ ಅಳುತ್ತಿತ್ತು. ಬೊಮ್ಮಕ್ಕನಿಗೂ ಅಳು ತಡೆಯಲಾಗಲಿಲ್ಲ. ಅದನ್ನು ತನ್ನ ಗವಿಗೆ ಕರೆದುಕೊಂಡು ಹೋಗಿ, ಸಮಾಧಾನ ಮಾಡಿ, ಎಲೆಯಲ್ಲಿ ಜೇನು ಕೊಟ್ಟಳು.

"ಹೇಗಿದೆಯಮ್ಮಾ?"

ಜಿಂಕೆ ಸಂಕೋಚಪಟ್ಟಿತು. "ಸಿಹಿ ಇದೆ ಅಕ್ಕಾ. ಆದ್ರೆ, ಕೊನೆಗೆ ಒಂಚೂರು ಕಹಿ."

"ನೇರಳೆ ಹೂವಿನ ಜೇನು, ಹಾಗೇ ಇರುತ್ತೆ," ಎಂದಳು ಬೊಮ್ಮಕ್ಕ. "ನಾಳೆ ಬೆಳಗ್ಗೆಯಿಂದ ಕೆಲಸಕ್ಕೆ ಬಾ. ಎಲ್ಲರಿಗೂ ಹೀಗೇ ಹೇಳು."

ನೀತಿ: ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಹಳೆಯ ಧಣಿಯ ಹೊಗಳಿಕೆ ಕೇಳಿದರೆ ಸಾಲದು; ಕೆಲಸ ಕೇಳಿ ಬಂದವನ ಮಾತು ನಂಬಿ ಹೋದವರು ಏನಾದರು ಎಂಬುದನ್ನೂ ವಿಚಾರಿಸಬೇಕು.