ನಾಳೆಯ ಹೆಪ್ಪು

ಒಂದು ಊರಿನ ಜೈಲಿನ ಅಡುಗೆಮನೆಯಲ್ಲಿ ಮಜ್ಜಿಗೆಯ ಕೆಲಸ ಚನ್ನಿಗಪ್ಪ ಎಂಬ ಕೈದಿಯದು. ದಿನವೂ ಮೊಸರು ಕಡೆಯುವ ಮೊದಲು ಅವನು ಒಂದು ಬಟ್ಟಲು ಮೊಸರು ತೆಗೆದಿಡುತ್ತಿದ್ದ. ಅದು ನಾಳೆಯ ಹೆಪ್ಪು. ಯಾರು ಎಷ್ಟು ಗೋಗರೆದರೂ ಆ ಬಟ್ಟಲಿಗೆ ಮಾತ್ರ ಕೈ ಹಾಕಲು ಬಿಡುತ್ತಿರಲಿಲ್ಲ. ಜಿಪುಣ ಎಂದು ಬೈಸಿಕೊಂಡಿದ್ದ, ಪಾಪ.

ಹೀಗಿರುವಾಗ ಅವನ ಮೇಲ್ಮನವಿ ವಜಾ ಆಯಿತು. ಎಂಟು ದಿನ ಮಂಕು ಕವಿದವನಂತಿದ್ದ. ಊಟ ಸೇರದು, ಮಾತಿಲ್ಲ. ಒಂಬತ್ತನೆಯ ದಿನ ನಗುನಗುತ್ತ ಎದ್ದುಬಂದ. ಕಂಬಳಿ ಒಬ್ಬನಿಗೆ ಕೊಟ್ಟ, ಚಪ್ಪಲಿ ಇನ್ನೊಬ್ಬನಿಗೆ ಕೊಟ್ಟ. ಅವತ್ತು ಮಜ್ಜಿಗೆಯೂ ಎಂದಿಗಿಂತ ಗಟ್ಟಿ. ಎಲ್ಲರೂ ಎರಡೆರಡು ಲೋಟ ಕುಡಿದು, ಮನುಷ್ಯ ಅಂದರೆ ಇವನಪ್ಪಾ, ಎಷ್ಟು ಬೇಗ ಸುಧಾರಿಸಿಕೊಂಡ ಎಂದು ಹೊಗಳಿದರು.

ಸಂಜೆ ಅಡುಗೆಮನೆಗೆ ಬಂದ ವಾರ್ಡರ್ ಈರಭದ್ರಯ್ಯನವರಿಗೆ ಆ ಬಟ್ಟಲು ತೊಳೆದು ಬೋರಲು ಹಾಕಿದ್ದು ಕಣ್ಣಿಗೆ ಬಿತ್ತು. ಒಲೆಯ ಪಕ್ಕ ಕಾಯಿಸಿದ ಹಾಲು ಆರುತ್ತಿತ್ತು.

“ಹೆಪ್ಪು ಎಲ್ಲೋ?”

“ನಾಳೆದು ಯಾರಾದ್ರೂ ನೋಡ್ಕೋತಾರೆ ಬುಡಿ ಸಾರ್.”

ಈರಭದ್ರಯ್ಯನವರಿಗೆ ಅವನು ಕಂಬಳಿ, ಚಪ್ಪಲಿ ಹಂಚಿದ್ದು ನೆನಪಾಯಿತು. ಜೊತೆಯ ವಾರ್ಡರನ್ನು ಪಕ್ಕಕ್ಕೆ ಕರೆದು ತಮ್ಮ ಅನುಮಾನ ಹೇಳಿದರೆ, ಕೇಳಿಗೀಳಿಬಿಟ್ಟೀರಿ, ಇಲ್ಲದ ಯೋಚನೆ ನಾವೇ ಅವನ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ಆ ವಾರ್ಡರ್ ಹೆದರಿಸಿದ. ಈರಭದ್ರಯ್ಯನವರು ಹಠಮಾರಿ, ಅದೇ ಒಳ್ಳೆಯದಾಯಿತು. ಚನ್ನಿಗಪ್ಪನ ಪಕ್ಕ ನೆಲದ ಮೇಲೆ ಕೂತು ನೇರವಾಗಿ ಕೇಳಿಯೇಬಿಟ್ಟರು.

“ಸಾಯ್ಬೇಕು ಅನ್ನಿಸ್ತಾ ಇದೆಯೇನೋ?”

ಚನ್ನಿಗಪ್ಪ ಹೌದೆಂದು ತಲೆಯಾಡಿಸಿ ಮಗುವಿನ ಹಾಗೆ ಅತ್ತ. ಈರಭದ್ರಯ್ಯನವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ವೈದ್ಯರಿಗೆ ಹೇಳಿಕಳಿಸಿ, ಅವರು ಬರುವವರೆಗೆ ಅವನ ಪಕ್ಕ ಬಿಟ್ಟು ಏಳಲಿಲ್ಲ. ಜೊತೆಯ ವಾರ್ಡರನ್ನು ಗೋಡೆಯಾಚೆಯ ತಮ್ಮ ಕ್ವಾರ್ಟರ್ಸಿಗೆ ಓಡಿಸಿ ಹೆಪ್ಪು ತರಿಸಿದರು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುವ ಶಾಸ್ತ್ರದ ಹೆಂಗಸು ಅವರ ಹೆಂಡತಿ ನೀಲಮ್ಮ. ಆದರೂ ವಿಷಯ ಕೇಳಿದ್ದೇ ಬಟ್ಟಲು ತುಂಬ ಕೊಟ್ಟರು.

“ತಗೋ, ನೀನೇ ಹಾಕು. ಮನೇಲಿ ಹೆಪ್ಪು ಮುಗಿದ್ರೆ ಪಕ್ಕದ ಮನೇಲಿ ಕೇಳ್ತೀವಪ್ಪ. ಅದ್ರಲ್ಲಿ ನಾಚಿಕೆ ಏನು?” ಎಂದರು ಈರಭದ್ರಯ್ಯನವರು.

ಬೆಳಿಗ್ಗೆ ಮೊಸರು ಗಟ್ಟಿಯಾಗಿತ್ತು. ಮನಸ್ಸು ಅಷ್ಟು ಬೇಗ ಗಟ್ಟಿಯಾಗಲಿಲ್ಲ. ವೈದ್ಯರು ವಾರವಾರವೂ ನೋಡಿದರು, ಔಷಧಿ ಕೊಟ್ಟರು. ಸುದ್ದಿ ತಿಳಿದು ಚನ್ನಿಗಪ್ಪನ ತಮ್ಮ ಭೇಟಿಗೆ ಬಂದ. ಕಂಬಳಿ ಪಡೆದವನು ಅದನ್ನು ಹಿಂದಕ್ಕೆ ಕೊಟ್ಟು, ಎಷ್ಟೋ ದಿನ ಅವನ ಪಕ್ಕದಲ್ಲೇ ಮಲಗಿದ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಈರಭದ್ರಯ್ಯನವರೇ ಖಾಲಿ ಬಟ್ಟಲು ಹಿಡಿದು ಬಂದರು. ಅವರ ಮನೆಯಲ್ಲಿ ಹೆಪ್ಪು ಮುಗಿದಿತ್ತು.

“ದೀಪ ಹಚ್ಚಿದ್ಮೇಲೆ ಕೊಡ್ಬಾರ್ದು ಸಾರ್,” ಎಂದ ಚನ್ನಿಗಪ್ಪ, ಬಟ್ಟಲು ತುಂಬುತ್ತಲೇ. “ಬಟ್ಟಲು ನಾಳೆ ವಾಪಸ್ ತನ್ನಿ. ನಾನು ಕಾಯ್ತಿರ್ತೀನಿ.”

ನೀತಿ: ನೊಂದವನು ಇದ್ದಕ್ಕಿದ್ದಂತೆ ಹಗುರಾಗಿ, ತನ್ನದನ್ನೆಲ್ಲ ಹಂಚತೊಡಗಿದರೆ ಹೊಗಳಿ ಸುಮ್ಮನಾಗಬೇಡಿ. ಪಕ್ಕ ಕೂತು ನೇರವಾಗಿ ಕೇಳಿ; ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಅವನನ್ನು ಒಂಟಿಯಾಗಿ ಬಿಡದೆ ವೈದ್ಯರನ್ನು ಕರೆಸಿ. ನಾಳೆಯ ಹೆಪ್ಪು ಮುಗಿದವರಿಗೆ ನಮ್ಮ ಮನೆಯದನ್ನು ಕೊಡೋಣ.